ಧ್ವನಿವರ್ಧಕದೊಳಗಿನ ತೇವಾಂಶ

ಅಳುವವರನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದಕ್ಕೆ ಅನುಕೂಲ. ಸಾವಿನ ಮನೆಯಲ್ಲಿ ಅಳುವವರ ಬಗ್ಗೆ ನನ್ನ ತಕರಾರಿಲ್ಲ. ಅದಕ್ಕೊಂದು ಕಾರಣವಾದರೂ ಇರುತ್ತದೆ. ನನ್ನ ತಿರಸ್ಕಾರವೆಲ್ಲ ಮೀಸಲಾಗಿರುವುದು ಕಾರಣವಿಲ್ಲದೆ ಅಳುವವರಿಗೆ. ಆಫೀಸಿನ ಬೀಳ್ಕೊಡುಗೆ ಸಮಾರಂಭಗಳನ್ನೇ ನೋಡಿ. ಮೂವತ್ತು ವರ್ಷ ಒಬ್ಬರ ಫೈಲನ್ನು ಇನ್ನೊಬ್ಬರು ಬಚ್ಚಿಟ್ಟು, ಒಬ್ಬರ ರಜೆಯನ್ನು ಇನ್ನೊಬ್ಬರು ತಪ್ಪಿಸಿ, ಫ್ಯಾನಿನ ಕೆಳಗಿನ ಕುರ್ಚಿಗಾಗಿ ಮಾತು ಬಿಟ್ಟವರು, ಕೊನೆಯ ದಿನ ಶಾಲು ಹೊದಿಸುವಾಗ ತಬ್ಬಿಕೊಂಡು ಬಿಕ್ಕಳಿಸುತ್ತಾರೆ. ಇಂಥ ಸಮಾರಂಭಗಳಲ್ಲಿ ನಾನು ಕೊನೆಯ ಸಾಲಿನಲ್ಲಿ ಕೂತು ಬೋಂಡಾ ತಿನ್ನುತ್ತಿದ್ದೆ. ನನ್ನ ಚಿಕ್ಕಪ್ಪನ ಮಗಳೊಬ್ಬಳಿದ್ದಾಳೆ. ಬೆಂಗಳೂರಿನಿಂದ ಚೆನ್ನೈಗೆ ಎರಡು ದಿನಕ್ಕೆ ಬಂದು ಹೋಗುವವಳು, ಸೆಂಟ್ರಲ್ ಸ್ಟೇಷನ್ನಿನಲ್ಲಿ ರೈಲು ಅಲುಗಿತೋ ಇಲ್ಲವೋ, ಕಿಟಕಿಯ ಸರಳು ಹಿಡಿದು ಅಳುವುದಕ್ಕೆ ಶುರು ಮಾಡುತ್ತಾಳೆ. ಆರು ಗಂಟೆಯ ಪ್ರಯಾಣ. ಆ ಆರು ಗಂಟೆಯಲ್ಲಿ ನಾಲ್ಕು ಗಂಟೆ ಅವಳು ನಿದ್ದೆ ಮಾಡುತ್ತಾಳೆಂದು ಅವಳ ಗಂಡನೇ ನನಗೆ ಹೇಳಿದ್ದಾನೆ.

ನನ್ನ ಈ ಗುಣಕ್ಕೆ ರೈಲ್ವೆಯಲ್ಲಿ ತಕ್ಕ ಮರ್ಯಾದೆಯೂ ಸಿಕ್ಕಿತ್ತು. ಯಾವ ನೌಕರನ ಮೇಲಾದರೂ ದೂರು ಬಂದು ಇಲಾಖಾ ವಿಚಾರಣೆ ನಡೆಯಬೇಕಾದರೆ ವಿಚಾರಣಾಧಿಕಾರಿಯಾಗಿ ಮೊದಲು ನೆನಪಾಗುತ್ತಿದ್ದದ್ದು ನನ್ನ ಹೆಸರು. ಎದುರಿಗೆ ಕೂತ ನೌಕರ ಕಾಲಿಗೆ ಬಿದ್ದರೂ, ಹೆಂಡತಿ ಮಕ್ಕಳನ್ನು ಕರೆತಂದು ಬಾಗಿಲ ಹೊರಗೆ ನಿಲ್ಲಿಸಿದರೂ ನನ್ನ ಮುಖದಲ್ಲಿ ಒಂದು ಗೆರೆಯೂ ಕದಲುತ್ತಿರಲಿಲ್ಲ. ‘ಮುಂದಿನ ಪ್ರಶ್ನೆ’ ಎನ್ನುತ್ತಿದ್ದೆ. ಇದನ್ನು ನಾನು ಘನತೆ ಎಂದು ಕರೆಯುತ್ತಿದ್ದೆ. ಕೆಳಗಿನವರು ಏನೆಂದು ಕರೆಯುತ್ತಿದ್ದರೋ ನನಗೆ ಗೊತ್ತಿದ್ದರೂ ಇಲ್ಲಿ ಬರೆಯುವ ಹಾಗಿಲ್ಲ.

ಇಂಥ ನನಗೆ ಐವತ್ತೇಳನೆಯ ವಯಸ್ಸಿನಲ್ಲಿ, ಕೆಲವರಿಗೆ ಸಕ್ಕರೆ ಕಾಯಿಲೆ ಬರುವ ಹಾಗೆ, ಅಳು ಬಂತು.

ಮೊದಲ ಸಲ ಬಂದದ್ದು ಟೀವಿಯಲ್ಲಿ ಬಂದ ಒಂದು ಜಾಹೀರಾತಿಗೆ. ಅದೂ ಪ್ರೆಷರ್ ಕುಕ್ಕರಿನ ಜಾಹೀರಾತು. ಸೊಸೆ ಮುಚ್ಚಳ ತೆಗೆಯುತ್ತಾಳೆ, ಮಾವನ ಕನ್ನಡಕದ ಮೇಲೆ ಹಬೆ ಕೂರುತ್ತದೆ, ಎಲ್ಲರೂ ನಗುತ್ತಾರೆ. ಇದರಲ್ಲಿ ಅಳುವುದಕ್ಕೆ ಏನಿದೆ ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳಿಕೊಂಡೆ. ಅಷ್ಟರಲ್ಲಿ ಕೆನ್ನೆ ಒದ್ದೆಯಾಗಿತ್ತು. ಎರಡನೆಯ ಸಲ ತ್ರಿಪ್ಲಿಕೇನಿನ ಮೆಸ್ಸಿನಲ್ಲಿ. ಮದುವೆಗೆ ಮುಂಚೆ ಆರು ವರ್ಷ ಊಟ ಮಾಡಿದ ಜಾಗ. ಏನೋ ಕೆಲಸದ ಮೇಲೆ ಆ ಕಡೆ ಹೋದವನು ಒಳಗೆ ಹೋಗಿ ಎಲೆಯ ಮುಂದೆ ಕೂತೆ. ಬಡಿಸುವ ಮುದುಕ ರಸಂ ಬಕೆಟ್ಟು ಹಿಡಿದು ಬಂದವನು, ನನ್ನ ಮುಖ ನೋಡಿ, ನಾನು ಕೇಳದೆಯೇ, ಕೆಳಗಿನ ಗಸಿಯನ್ನು ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿ ಹಾಕಿ ಮುಂದೆ ಹೋದ. ಇಪ್ಪತ್ತೆಂಟು ವರ್ಷದ ಹಿಂದೆ ನಾನು ಕೇಳುತ್ತಿದ್ದದ್ದು ಹಾಗೇ. ಆ ರಸಂನಲ್ಲಿ ಉಪ್ಪು ಎಷ್ಟಿತ್ತೋ, ನಾನು ಎಷ್ಟು ಸೇರಿಸಿದೆನೋ ಗೊತ್ತಿಲ್ಲ. ಮೆಣಸು ಜಾಸ್ತಿಯಾಯಿತೆಂದು ಪಕ್ಕದವರಿಗೆ ಹೇಳಿದೆ. ಅವರು ಪಾಪ ತಮ್ಮ ಮಜ್ಜಿಗೆಯನ್ನು ನನ್ನ ಕಡೆ ಸರಿಸಿದರು. ಅದಕ್ಕೂ ಬಂತು.

ಕದ್ದು ಮುಚ್ಚಿ ಎಷ್ಟು ದಿನ ನಡೆದೀತು. ನನ್ನ ಹೆಂಡತಿ ಸರೋಜ, ನನ್ನ ಕಣ್ಣು ಕೆಂಪಗಿರುವುದನ್ನು ನೋಡಿ ಎಗ್ಮೋರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ದೀಪ ಬಿಟ್ಟು, ರೆಪ್ಪೆ ಎಳೆದು, ಕಣ್ಣೀರು ಹೋಗುವ ನಾಳ ವಯಸ್ಸಾದಂತೆ ಕಿರಿದಾಗುತ್ತದೆ, ಒಳಗೆ ಇಳಿಯಬೇಕಾದ ನೀರು ಹೊರಗೆ ಹರಿಯುತ್ತದೆ ಎಂದು ವಿವರಿಸಿ ಒಂದು ಡ್ರಾಪ್ಸ್ ಬರೆದುಕೊಟ್ಟರು. ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಇದು ಅಳುವಲ್ಲ, ಕೊಳಾಯಿ ರಿಪೇರಿ. ಆ ಚೀಟಿಯನ್ನು ಮಡಿಸಿ, ಜೇಬಿನಲ್ಲಿ ಗುರುತಿನ ಚೀಟಿಯ ಜೊತೆ ಇಟ್ಟುಕೊಂಡೆ.

ಆ ಚೀಟಿಯ ಬಲದ ಮೇಲೆ ನಾನು ಇನ್ನೂ ಕೆಲವು ವರ್ಷ ನೆಮ್ಮದಿಯಾಗಿ ಇರುತ್ತಿದ್ದೆನೇನೋ. ಕೆಡಿಸಿದ್ದು ಭಾನುವಾರ ಬೆಳಿಗ್ಗೆ ಬರುತ್ತಿದ್ದ ಒಂದು ವಿದೇಶಿ ಧಾರಾವಾಹಿ.

ನುಂಗಂಬಾಕ್ಕಂನ ನಮ್ಮ ಬೀದಿಗೆ ಆಗ ಕೇಬಲ್ ಬಂದು ಹೆಚ್ಚು ದಿನ ಆಗಿರಲಿಲ್ಲ. ಆಕಾಶದಲ್ಲಿ ಒಂದು ಹಡಗು ಊರೂರು, ಅಂದರೆ ಗ್ರಹಗ್ರಹ ಸುತ್ತುವ ಕತೆ. ಅದನ್ನು ಯಾರೋ ತಮಿಳಿಗೆ ಡಬ್ ಮಾಡಿದ್ದರು. ನೀಲಿ ಮೈಯವರು, ಹಸಿರು ಮೈಯವರು, ಮೂಗಿಲ್ಲದವರು ಎಲ್ಲರೂ ರೇಡಿಯೋ ವಾರ್ತೆಯವರ ಅಪ್ಪಟ ತಮಿಳಿನಲ್ಲಿ ಮಾತಾಡುತ್ತಿದ್ದರು. ನಮ್ಮ ಬೀದಿಯಲ್ಲಿ ಅಷ್ಟು ಶುದ್ಧ ತಮಿಳು ಮಾತಾಡುವವರು ಅವರು ಮಾತ್ರ. ನನ್ನ ಮಗಳು ಶುಭಾ ಆಗ ಹತ್ತನೆಯ ಕ್ಲಾಸು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುವವಳು. ಈ ಧಾರಾವಾಹಿ ತಪ್ಪಿಸಿದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಸರೋಜ ಬೀನ್ಸಿನ ನಾರು ತೆಗೆಯುತ್ತ ನೋಡುತ್ತಿದ್ದಳು. ನಾನು ಪೇಪರು ಹಿಡಿದುಕೊಂಡು, ನೋಡದವನ ಹಾಗೆ ನೋಡುತ್ತಿದ್ದೆ.

ಆ ಭಾನುವಾರದ ಕತೆಯಲ್ಲಿ ಒಬ್ಬ ಮುದುಕ ಬಂದ. ಅವನ ಗ್ರಹದಲ್ಲಿ ಮಕ್ಕಳಿಗೆ ಹನ್ನೆರಡು ತುಂಬಿದಾಗ ಒಂದು ಶಾಸ್ತ್ರ ಮಾಡುತ್ತಾರಂತೆ. ಅಂದಿನಿಂದ ಯಾರೂ ನಗುವ ಹಾಗಿಲ್ಲ, ಅಳುವ ಹಾಗಿಲ್ಲ, ಸಿಟ್ಟು ಮಾಡುವ ಹಾಗಿಲ್ಲ. ಅಂಥವರಲ್ಲೆಲ್ಲ ಹಿರಿಯ ಈ ಮುದುಕ. ಇನ್ನೂರು ಚಿಲ್ಲರೆ ವರ್ಷ ವಯಸ್ಸು. ಎರಡು ಗ್ರಹಗಳು ಒಂದು ಚಂದ್ರನಿಗಾಗಿ ಜಗಳವಾಡಿಕೊಂಡು, ಇವನು ಹೇಳಿದ ಹಾಗೆ ಕೇಳುತ್ತೇವೆಂದು ಒಪ್ಪಿ, ಇವನನ್ನು ಹಡಗಿನಲ್ಲಿ ಕರೆಸಿಕೊಳ್ಳುತ್ತಿವೆ. ಹಣೆಯ ಮೇಲೆ ಅಡ್ಡಕ್ಕೆ ಮೂರು ಬಿಳಿ ಗೆರೆ, ನೆಟ್ಟಗಿನ ಬೆನ್ನು, ಮರದ ಮುಖ. “ವಿಭೂತಿ ಇದ್ದಂಗೈತೆ ನೋಡ್ರಿ, ನಮ್ಮೋರೇ ಇರ್ಬೇಕು” ಎಂದಳು ಸರೋಜ. ನಮ್ಮದು ತಿಪಟೂರು ಕಡೆಯ ಮನೆತನ. ಹಣೆ ನೋಡಿ ಬಂಧುತ್ವ ಕಟ್ಟುವುದು ಅವಳಿಗೆ ಅಭ್ಯಾಸ. ನನಗೂ ಆ ಮುದುಕ ಹಿಡಿಸಿದ. ಪೇಪರು ಕೆಳಗಿಟ್ಟೆ.

ಆಮೇಲೆ ಅವನು ಮರ್ಯಾದೆ ಕಳೆದ. ಹಡಗಿನ ಊಟದ ಮನೆಯಲ್ಲಿ ಯಾರದೋ ಕೈಯಿಂದ ಒಂದು ಬಟ್ಟಲು ಬಿದ್ದು ಒಡೆಯಿತು. ಅಷ್ಟೇ. ಮುದುಕ ಆ ಚೂರುಗಳನ್ನು ನೋಡುತ್ತ ನೋಡುತ್ತ ಅಳುವುದಕ್ಕೆ ಶುರು ಮಾಡಿದ. ವಯಸ್ಸಾದ ಮೇಲೆ, ಹನ್ನೆರಡನೆಯ ವರ್ಷದಲ್ಲಿ ಹಾಕಿದ ಬಿಗಿ ಸಡಿಲವಾಗುತ್ತದಂತೆ. ಅವನ ಜೊತೆಗೆ ಬಂದ ಶಿಷ್ಯರು ಗಾಬರಿಯಾಗಿ ದೀಪ ಆರಿಸಿದರು, ಬಾಗಿಲು ಹಾಕಿದರು, ಮುದುಕನಿಗೆ ನೆಗಡಿಯೆಂದು ಹಡಗಿನವರಿಗೆ ಸುಳ್ಳು ಹೇಳಿದರು. ಕೊನೆಗೆ, ಸಭೆಗೆ ಹೋಗುವಾಗ ಅವನ ಮುಖಕ್ಕೆ ಒಂದು ಕಪ್ಪು ಮುಸುಕು ಹಾಕಿ, ಇದು ನಮ್ಮಲ್ಲಿ ಹಿರಿಯರಿಗೆ ಕೊಡುವ ಗೌರವ ಎಂದು ಸಾರಿದರು. ಅಲ್ಲಿಗೆ ‘ಮುಂದಿನ ವಾರ’ ಎಂದು ನಿಂತಿತು.

ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಇಷ್ಟು ಮುಂದುವರಿದ ಗ್ರಹದಲ್ಲಿ ನಿವೃತ್ತಿಯ ವಯಸ್ಸು ಅಂತ ಒಂದಿಲ್ಲವೇ, ಇಂಥವನನ್ನು ಮೆಡಿಕಲ್ ಬೋರ್ಡಿನ ಮುಂದೆ ನಿಲ್ಲಿಸಿ ಮನೆಗೆ ಕಳಿಸುವುದು ಬಿಟ್ಟು ಚಂದ್ರನನ್ನು ಹಂಚಲು ಕಳಿಸುತ್ತಾರಲ್ಲ, ಒಂದು ಬಟ್ಟಲಿಗೆ ಅತ್ತವನು ಒಂದು ಗ್ರಹಕ್ಕೆ ನ್ಯಾಯ ಹೇಳುತ್ತಾನೆಯೇ, ಹೀಗೆ. ಮುಸುಕು ಹಾಕಿಕೊಂಡು ಕೂರುವುದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ ಎಂದೆ.

ಶುಭಾ ಟೀವಿಯಿಂದ ಕಣ್ಣು ತೆಗೆಯದೆ, “ಅಪ್ಪಾ, ಅವರ್ ಉಂಗಳ ಮಾದಿರಿಯೇ ಇರುಕ್ಕಾರು” ಎಂದಳು.

ನನ್ನ ಹಾಗೇ ಇದ್ದಾನಂತೆ. ಯಾವುದರಲ್ಲಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಸರೋಜ ಬೀನ್ಸಿನ ತಟ್ಟೆ ಎತ್ತಿಕೊಂಡು ಎದ್ದವಳು, “ಕುಕ್ಕರಿಗೆ ಅತ್ತಿದ್ದು ನಮಗೂ ಗೊತ್ತೈತೆ ಬಿಡ್ರಿ” ಎಂದು ಅಡಿಗೆಮನೆಗೆ ಹೋದಳು. ಕಣ್ಣಿನ ಡಾಕ್ಟರ ಚೀಟಿ ತೆಗೆದು ತೋರಿಸೋಣವೆಂದುಕೊಂಡೆ. ತೋರಿಸಬೇಕಾದವಳೇ ಅದನ್ನು ಮಾಡಿಸಿಕೊಟ್ಟವಳು.

ಮರುದಿನ ಆಫೀಸಿಗೆ ಹೋದರೆ ಮೇಜಿನ ಮೇಲೆ ಹೊಸ ವಿಚಾರಣೆಯ ಫೈಲು ಕೂತಿತ್ತು. ಉತ್ತರದ ಕಡೆ ಹೋಗುವ ಲೋಕಲ್ ರೈಲಿನ ದಾರಿಯಲ್ಲಿ ಒಂದು ಸ್ಟೇಷನ್ನು, ಹೆಸರು ಬೇಡ. ಅಲ್ಲಿ ಮೈಕಿನಲ್ಲಿ ರೈಲುಗಳ ಪ್ರಕಟಣೆ ಹೇಳುವ ಸುಲೋಚನಾ ಎಂಬಾಕೆಯ ಮೇಲೆ ಆರೋಪ. ವಯಸ್ಸು ಐವತ್ತೈದು, ಇಪ್ಪತ್ತೇಳು ವರ್ಷದ ಸರ್ವೀಸು, ಇದುವರೆಗೆ ಒಂದು ಕಪ್ಪು ಚುಕ್ಕೆಯಿಲ್ಲ. ಆರೋಪವನ್ನು ನಾನು ಎರಡು ಸಲ ಓದಿದೆ. ಇಂಥ ದಿನ ಸಂಜೆ, ಲೋಕಲ್ ತಡವಾಗಿ ಬರುತ್ತಿರುವುದನ್ನು ಪ್ರಕಟಿಸುವಾಗ ಸದರಿ ನೌಕರಳು ಧ್ವನಿವರ್ಧಕದಲ್ಲಿ ಗಟ್ಟಿಯಾಗಿ ಅತ್ತು, ಎಲ್ಲೋ ಅಪಘಾತವಾಗಿದೆಯೆಂದು ಪ್ರಯಾಣಿಕರು ಗಾಬರಿಗೊಳ್ಳಲು ಕಾರಣಳಾಗಿ, ಇಲಾಖೆಯ ನೌಕರಳಿಗೆ ತಕ್ಕುದಲ್ಲದ ರೀತಿಯಲ್ಲಿ ನಡೆದುಕೊಂಡಿದ್ದಾಳೆ. ಆರೋಪ ಸಾಬೀತಾದರೆ ಆಕೆಯನ್ನು ಮೈಕಿನಿಂದ ತೆಗೆದು ಪಾರ್ಸೆಲ್ ಆಫೀಸಿಗೆ ಹಾಕುವುದೆಂದು ಮೇಲಿನವರು ಆಗಲೇ ಮಾತಾಡಿಕೊಂಡಿದ್ದರು.

ಒಂದು ವರ್ಷ ಮುಂಚೆ ಈ ಫೈಲು ಬಂದಿದ್ದರೆ ನನಗೆ ಹಬ್ಬ. ಮೈಕಿನ ಮುಂದೆ ಅಳುವುದೆಂದರೆ ನನ್ನ ಲೆಕ್ಕದಲ್ಲಿ ಅದಕ್ಕಿಂತ ಕೀಳು ಅಳು ಇಲ್ಲ. ಆದರೆ ಈಗ ನನ್ನ ಕೊಳಾಯಿ ನನ್ನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ವಿಚಾರಣಾಧಿಕಾರಿ ವಿಚಾರಣೆಯಲ್ಲಿ ಅತ್ತರೆ ಏನು ಮಾಡಬೇಕೆಂದು ನಿಯಮದ ಪುಸ್ತಕದಲ್ಲಿ ಹುಡುಕಿದೆ. ಅಂಥ ಕಲಮು ಇರಲಿಲ್ಲ. ಬರೆದವರಿಗೆ ಅದು ತೋಚಿಯೇ ಇರಲಿಲ್ಲ. ಈ ಕೆಲಸ ಬೇರೆಯವರಿಗೆ ಕೊಡಿ ಎನ್ನಬಹುದಿತ್ತು, ಕಾರಣ ಕೇಳಿದರೆ ಹೇಳಬೇಕಾಗುತ್ತಿತ್ತು. ಕೊನೆಗೆ ನಾನು ಮಾಡಿದ್ದೇನೆಂದರೆ, ಕಚೇರಿಯ ಹತ್ತಿರದ ಅಂಗಡಿಗೆ ಹೋಗಿ ದೊಡ್ಡ ಗಾಜಿನ ಒಂದು ಕಪ್ಪು ಕನ್ನಡಕ ಕೊಂಡೆ. ಅದನ್ನು ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡಾಗ ಆ ಮುಸುಕಿನ ಮುದುಕ ನೆನಪಾದ. ಅವನಿಗಾದರೂ ಮುಸುಕು ಹಾಕಲು ಶಿಷ್ಯರಿದ್ದರು.

ವಿಚಾರಣೆ ಶುಕ್ರವಾರ. ಒಂದು ಸಣ್ಣ ಕೋಣೆ, ಮೇಲೆ ಕಟಕಟ ಎನ್ನುವ ಫ್ಯಾನು. ಇಲಾಖೆಯ ಪರವಾಗಿ ಆರೋಪ ಮಂಡಿಸುವವರು ನಟೇಶನ್ ಎಂಬ ಅಧಿಕಾರಿ, ಕತ್ತಿಗೆ ಪೌಡರು ಹಾಕಿಕೊಂಡು ಬರುವ ಶಿಸ್ತಿನ ಮನುಷ್ಯ. ಮೂಲೆಯಲ್ಲಿ ಸ್ಟೆನೊ. ಕಣ್ಣಿನ ತೊಂದರೆಗೆ ಡಾಕ್ಟರು ಕಪ್ಪು ಕನ್ನಡಕ ಹೇಳಿದ್ದಾರೆಂದು ಮೊದಲೇ ಪ್ರಕಟಿಸಿ ಕೂತೆ. ಡಾಕ್ಟರು ಹೇಳಿದ್ದು ಡ್ರಾಪ್ಸು ಮಾತ್ರ; ಕನ್ನಡಕ ನನ್ನ ಸ್ವಂತ ಚಿಕಿತ್ಸೆ.

ಸುಲೋಚನಾ ಒಳಗೆ ಬಂದರು; ಕನ್ನಡಕದ ಕಾರಣವನ್ನು ಅವರಿಗೂ ಹೇಳಿದೆ. ಕಂಚಿ ಕಾಟನ್ ಸೀರೆ, ಬಿಗಿಯಾಗಿ ಕಟ್ಟಿದ ನರೆಗೂದಲು. ಯೂನಿಯನ್ನಿನವರ ಸಹಾಯ ಬೇಕೇ ಎಂದು ಕೇಳಿದರೆ ಬೇಡವೆಂದರು. ಕಣ್ಣಿನಲ್ಲಿ ನೀರಿನ ಸುಳಿವಿಲ್ಲ. ತಮಿಳಿನಲ್ಲಿ, ತಮ್ಮ ಮೈಕಿನ ದನಿಯಲ್ಲೇ, ಒಂದೊಂದೇ ಮಾತು ಬಿಡಿಸಿ ಹೇಳಿದರು. ಸ್ಟೆನೊ ಮೊದಲ ಸಲ ಕೈ ಓಡಿಸದೆ ಆರಾಮವಾಗಿ ಬರೆದುಕೊಂಡ.

“ಅಳುತ್ತಿದ್ದವರು ನೀವೇ ತಾನೇ?” ಎಂದರು ನಟೇಶನ್.

“ನಾನೇ.”

“ಮನೆಯಲ್ಲಿ ಏನಾದರೂ ಕಷ್ಟ? ಸಾವು ನೋವು?”

“ಏನೂ ಇಲ್ಲ. ಚೆನ್ನಾಗಿದ್ದೇವೆ.”

“ಮತ್ತೆ ಯಾಕೆ ಅತ್ತಿರಿ?”

ಆಕೆ ಹೇಳಿದರು. ಅವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತೇನೆ. ರೈಲು ತಡವಾದಾಗಲೆಲ್ಲ ಪ್ರಕಟಣೆಯ ಕೊನೆಗೆ ‘ತಡಂಗಲುಕ್ಕು ವರುಂದುಗಿರೋಂ’, ಅಂದರೆ ನಿಮಗಾದ ತೊಂದರೆಗೆ ನಾವು ವಿಷಾದಿಸುತ್ತೇವೆ, ಎನ್ನಬೇಕು. ಇಪ್ಪತ್ತೇಳು ವರ್ಷದಿಂದ ದಿನಕ್ಕೆ ಹತ್ತು ಸಲವೋ ಇಪ್ಪತ್ತು ಸಲವೋ ಆಕೆ ಹೀಗೆ ವಿಷಾದಿಸುತ್ತ ಬಂದಿದ್ದಾರೆ. ಯಾರೂ ಕೇಳಿಸಿಕೊಳ್ಳುವುದಿಲ್ಲ. ಕೇಳಿಸಿಕೊಂಡವರು ಬಯ್ಯುತ್ತಾರೆ, ಅದೂ ಆಕೆಯನ್ನಲ್ಲ, ರೈಲನ್ನು. ಆ ಸಂಜೆ ಲೋಕಲ್ ಮುಕ್ಕಾಲು ಗಂಟೆ ತಡ. ಐದು ಸಲ ಹೇಳಿಯಾಗಿತ್ತು. ಮೈಕಿನ ಕೋಣೆಯ ಕಿಟಕಿಯ ಎದುರಿಗೇ ಮೀನು ಮಾರುವ ಒಬ್ಬ ಅಜ್ಜಿ, ಖಾಲಿ ಬುಟ್ಟಿಯನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದಳು. ಆರನೆಯ ಸಲ ‘ವರುಂದುಗಿರೋಂ’ ಎಂದಾಗ ಆ ಅಜ್ಜಿ ತಲೆಯೆತ್ತಿ, ಕಂಬದ ಮೇಲಿನ ಧ್ವನಿವರ್ಧಕವನ್ನು ನೋಡಿ, “ಪರವಾಯಿಲ್ಲಮ್ಮಾ” ಎಂದಳು.

“ಪರವಾಗಿಲ್ಲಮ್ಮಾ ಎಂದಳು ಸಾರ್. ಅಷ್ಟೇ. ಅಷ್ಟು ವರ್ಷದಲ್ಲಿ ಒಬ್ಬರು ಉತ್ತರ ಕೊಟ್ಟಿದ್ದು ಅದೇ ಮೊದಲು. ಮೈಕು ಆಫ್ ಮಾಡುವುದು ಮರೆತುಹೋಯಿತು.”

ಫ್ಯಾನು ಕಟಕಟ ಎನ್ನುತ್ತಿತ್ತು. ನಟೇಶನ್ ಮುಂದಿನ ಪ್ರಶ್ನೆ ಹುಡುಕುತ್ತಿದ್ದರು. ಕಪ್ಪು ಕನ್ನಡಕದಲ್ಲಿ ಒಂದು ದೋಷವಿದೆ. ಅದು ಕಣ್ಣನ್ನು ಮುಚ್ಚುತ್ತದೆ, ಕೆನ್ನೆಯನ್ನು ಮುಚ್ಚುವುದಿಲ್ಲ. ನನ್ನ ಗಲ್ಲದಿಂದ ಒಂದು ಹನಿ ಜಾರಿ, ಅಂದಿನ ನಡಾವಳಿಯ ಹಾಳೆಯ ಮೇಲೆ, ನಾನು ಆಗಷ್ಟೇ ಹಾಕಿದ ಸಹಿಯ ಮೇಲೇ ಬಿತ್ತು. ಶಾಯಿ ಹರಡಿ ನನ್ನ ಹೆಸರು ಜೇಡರ ಹುಳದ ಹಾಗಾಯಿತು. “ಅಯ್ಯೋ ಕರ್ಮವೇ” ಎಂದೆ, ಅದೂ ಕನ್ನಡದಲ್ಲಿ.

ನಟೇಶನ್ ಎದ್ದು ನಿಂತರು. ವಿಚಾರಣಾಧಿಕಾರಿಯವರು ಆರೋಪಿಯ ಹೇಳಿಕೆಗೆ ಕರಗಿದ್ದನ್ನು ನಡಾವಳಿಯಲ್ಲಿ ದಾಖಲಿಸಬೇಕು, ಇದು ನಿಷ್ಪಕ್ಷಪಾತದ ಪ್ರಶ್ನೆ ಎಂದರು. ಸ್ಟೆನೊ ಪೆನ್ಸಿಲ್ ಎತ್ತಿಕೊಂಡು ನನ್ನ ಮುಖ ನೋಡಿದ. ಮೂವತ್ತೈದು ವರ್ಷದ ನನ್ನ ಮರ್ಯಾದೆ ಆ ಪೆನ್ಸಿಲಿನ ತುದಿಯಲ್ಲಿ ಕೂತಿತ್ತು. ಬಾಯಿ ತೆರೆದರೆ ಏನು ಹೊರಡುತ್ತದೋ ಎಂಬ ಭಯ.

ಆಗ ಸುಲೋಚನಾ, ಪ್ಲಾಟ್‌ಫಾರಂ ಬದಲಾಯಿತೆಂದು ಹೇಳುವಷ್ಟೇ ಶಾಂತವಾಗಿ, “ಸಾರ್‌ಗೆ ಕಣ್ಣಿನ ತೊಂದರೆ ಅಂತ ಮೊದಲೇ ಹೇಳಿದರಲ್ಲ. ಅದನ್ನೆಲ್ಲ ಎಳುದ ವೇಂಡಾಂ” ಎಂದರು. ಬರೆಯುವುದು ಬೇಡ ಎಂದು. ಆರೋಪಿಯೇ ಬೇಡವೆಂದ ಮೇಲೆ ನಟೇಶನ್ ಕೂತರು. ಸ್ಟೆನೊ ಪೆನ್ಸಿಲ್ ಇಳಿಸಿದ. ನಾನು ಜೇಬಿನಿಂದ ಕರವಸ್ತ್ರ ತೆಗೆಯುವಾಗ ಡಾಕ್ಟರ ಚೀಟಿ ಕೆಳಗೆ ಬಿತ್ತು. ಅದನ್ನೂ ಆಕೆಯೇ ಎತ್ತಿಕೊಟ್ಟರು.

ಇನ್ನು ವರದಿ ಬರೆಯಬೇಕು. ಆಕೆ ಅತ್ತದ್ದು ನಿಜ, ತಾನೇ ಒಪ್ಪಿಕೊಂಡಿದ್ದಾರೆ. ಹಾಗೆಂದು ಬರೆದರೆ ಪಾರ್ಸೆಲ್ ಆಫೀಸು. ಇದುವರೆಗಿನ ವಿಚಾರಣೆಗಳಲ್ಲೆಲ್ಲ ‘ಆರೋಪ ಸಾಬೀತಾಗಿದೆ’ ಎಂದೇ ಬರೆದ ಕೈ ನನ್ನದು. ಈ ಸಲ ಉಪಕಾರ ಮಾಡಲೇಬೇಕೆಂದು ಹಟ ಹಿಡಿದು ಕೂತೆ. ಅತ್ತರು, ಆದರೆ ಅಳುವುದು ತಪ್ಪಲ್ಲ ಎಂದು ಬರೆಯಬಹುದಿತ್ತು. ಬರೆಯಲೂ ಹೊರಟೆ. ಆದರೆ ಮೇಲಿನವರು ಓದಿ, ಇವರಿಗೇನಾಯಿತು, ಇವರೂ ಅತ್ತರೆಂದು ನಟೇಶನ್ ಹೇಳುವುದು ನಿಜವೇ ಇರಬೇಕು ಎಂದುಕೊಂಡರೆ? ಆ ವಾಕ್ಯವನ್ನು ಹೊಡೆದುಹಾಕಿದೆ. ಚೆನ್ನೈನ ಕಡಲ ಗಾಳಿಯನ್ನು ಹಿಡಿದುಕೊಂಡೆ. ಸಮುದ್ರ ಹತ್ತಿರವಿರುವ ಸ್ಟೇಷನ್ನು. ಧ್ವನಿವರ್ಧಕದ ಯಂತ್ರದೊಳಗೆ ತೇವಾಂಶ ಸೇರಿ, ಮಾತು ಒಡೆದು ಬಂದು, ಬಿಕ್ಕಿದಂತೆ ಕೇಳಿಸಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ನೌಕರಳು ಗಾಬರಿಯಲ್ಲಿ ತಾನೇ ಅತ್ತೆನೆಂದು ಭಾವಿಸಿರಬಹುದು. ಆದ್ದರಿಂದ ಆರೋಪ ಸಾಬೀತಾಗಿಲ್ಲ. ಬರೆದು ಮುಗಿಸಿ ಓದಿದಾಗ ನನ್ನ ಜಾಣತನಕ್ಕೆ ನಾನೇ ಬೆರಗಾದೆ. ಮೇಲಿನವರಿಗೂ ಅದು ಹಿಡಿಸಿತು. ಯಂತ್ರವನ್ನು ಬಿಚ್ಚಿ ಒಣಗಿಸಬೇಕೆಂದು ಆಜ್ಞೆಯಾಯಿತು. ಸುಲೋಚನಾ ಮೈಕಿನಲ್ಲೇ ಉಳಿದರು.

ಅದಕ್ಕೆ ಮುಂಚೆ, ವಿಚಾರಣೆಯಾದ ವಾರದ ಭಾನುವಾರ, ಧಾರಾವಾಹಿಯ ಎರಡನೆಯ ಭಾಗ ಶುರುವಾದ ಹತ್ತು ನಿಮಿಷಕ್ಕೆ ಕೇಬಲ್ ಹೋಯಿತು. ನನಗೇನೂ ಬೇಕಾಗಿರಲಿಲ್ಲ, ಆದರೂ ಎರಡು ಸಲ ತಾರಸಿಗೆ ಹೋಗಿ ವೈರು ಅಲುಗಿಸಿ ಬಂದೆ. ಮಧ್ಯಾಹ್ನ ಶುಭಾ ಗೆಳತಿಗೆ ಫೋನು ಮಾಡಿ ಕತೆ ಕೇಳಿಕೊಂಡಳು. ಸಭೆಯ ಮಧ್ಯದಲ್ಲಿ ಮುದುಕ ತಾನಾಗಿಯೇ ಮುಸುಕು ತೆಗೆದನಂತೆ. ಎಲ್ಲರೆದುರಿಗೆ ಮುಖವೆಲ್ಲ ಒದ್ದೆ. ನನಗೆ ವಯಸ್ಸಾಗಿದೆ, ಹೀಗಾಗುತ್ತಿದೆ, ಇದನ್ನು ನೋಡಿಯೂ ನನ್ನ ಮಾತು ಬೇಕೆನಿಸಿದರೆ ಕೇಳಿ, ಬೇಡವಾದರೆ ಹೋಗುತ್ತೇನೆ ಎಂದನಂತೆ. ಎರಡೂ ಕಡೆಯವರು ಕೂತೇ ಇದ್ದರಂತೆ. “ಸೂಪರ್ ಇಲ್ಲಪ್ಪಾ?” ಎಂದಳು. ಗೆಳತಿ ಹೇಳಿದ್ದನ್ನು ನಂಬಬೇಡ, ಹಾಗೆಲ್ಲ ಆಗುವುದು ಟೀವಿಯಲ್ಲಿ ಮಾತ್ರ ಎಂದು ನಾನು ಪೇಪರು ಎತ್ತಿಕೊಂಡೆ.

ಮೂರು ವಾರದ ಮೇಲೆ ಸುಲೋಚನಾ ನನ್ನ ಕೋಣೆಗೆ ಬಂದರು. ಥ್ಯಾಂಕ್ಸ್ ಹೇಳಲು ಬಂದಿರಬೇಕೆಂದು ಕುರ್ಚಿ ತೋರಿಸಿದೆ. ಏನು ಹೇಳಬೇಕೆಂದೂ ಸಿದ್ಧಮಾಡಿಕೊಂಡೆ: ಇರಲಿ ಬಿಡಿ, ನನ್ನ ಕರ್ತವ್ಯ ಮಾಡಿದ್ದೇನೆ. ಆಕೆ ಕೂರಲಿಲ್ಲ. ಒಂದು ಕಾಗದವನ್ನು ಮೇಜಿನ ಮೇಲಿಟ್ಟು ಕನ್ನಡದಲ್ಲಿ ಮಾತಾಡಿದರು.

“ಸಾರ್, ಇದು ಅಪೀಲು. ನಿಮ್ಮ ರಿಪೋರ್ಟ್ ಮೇಲೆ ಹಾಕಿದೀನಿ. ಮೊದ್ಲು ನಿಮ್ಗೆ ತೋರಿಸ್ಬೇಕು ಅನ್ನಿಸ್ತು.”

ನಾನು ಬೆಚ್ಚಿದ್ದು ಅಪೀಲಿಗೋ ಕನ್ನಡಕ್ಕೋ ಗೊತ್ತಿಲ್ಲ. “ನೀವು ಕನ್ನಡದೋರಾ?” ಎಂದೆ.

“ಮೂರು ತಲೆಮೊರೆಯಾ ತಿರುವೊಟ್ಟಿಯೂರಲ್ಲೇ ಸಾರ್. ಮನೇಲಿ ಕನ್ನಡ, ಅರ್ಧಕ್ಕರ್ಧ ತಮಿಳು.”

“ಮತ್ತೆ ಆವತ್ತು ಯಾಕೆ ಹೇಳಲಿಲ್ಲ?”

“ಆವತ್ತು ಕನ್ನಡದಲ್ಲಿ ಮಾತಾಡಿದ್ರೆ ಸಲಿಗೆ ಕೇಳಿದಂಗೆ ಆಗ್ತಿತ್ತು ಸಾರ್. ಈಗ ಕೇಸು ಮುಗಿದೋಯ್ತಲ್ಲ.”

ಕಾಗದ ಓದಿದೆ. ತಾನು ಅತ್ತದ್ದು ನಿಜವೆಂದೂ, ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲವೆಂದೂ, ಆದ್ದರಿಂದ ಆರೋಪ ಸಾಬೀತಾಗಿದೆ ಎಂದು ತಿದ್ದಬೇಕೆಂದೂ, ಅದಕ್ಕೆ ಏನು ಶಿಕ್ಷೆಯೋ ಅದನ್ನು ಕೊಡಬಹುದೆಂದೂ ನಾಲ್ಕು ಸಾಲಿನಲ್ಲಿ ಬರೆದಿದ್ದರು. ಬಿಡುಗಡೆಯಾದವರು ಬಿಡುಗಡೆಯ ಮೇಲೆ ಅಪೀಲು ಹಾಕಿದ್ದನ್ನು ನಾನು ಸರ್ವೀಸಿನಲ್ಲಿ ಕಂಡಿರಲಿಲ್ಲ.

“ಅಲ್ಲಮ್ಮಾ, ನಿಮ್ಮ ಒಳ್ಳೇದಕ್ಕೇ ಬರೆದದ್ದು. ಪಾರ್ಸೆಲ್ ಆಫೀಸಿಗೆ ಹಾಕಿಬಿಡೋರು” ಎಂದೆ.

“ಗೊತ್ತು ಸಾರ್. ಮೈಕು ಬಿಟ್ರೆ ನಂಗೂ ಕಷ್ಟವೇ.” ಆಕೆ ಸೆರಗು ಸರಿಮಾಡಿಕೊಂಡರು. “ಇಷ್ಟು ವರ್ಷ ನಾನು ಮಾತಾಡಿದ್ನೆಲ್ಲ ಜನ ಮಿಷಿನ್ ಮಾತಾಡ್ತೈತೆ ಅಂದ್ಕೊಂಡಿದ್ರು. ಆವತ್ತೊಂದು ದಿನ ಒಳಗೆ ಒಬ್ಳು ಇದಾಳೆ ಅಂತ ಗೊತ್ತಾಯ್ತು. ನೀವು ಅದನ್ನೂ ಮಿಷಿನ್‌ಗೇ ಕೊಟ್ಬಿಟ್ರಿ ಸಾರ್.”

ಆಕೆ ಬಾಗಿಲ ಹತ್ತಿರ ಹೋದವರು ತಿರುಗಿ, “ನಿಮ್ಮ ವಿಷಯ ಅಪೀಲಲ್ಲಿ ಬರೆದಿಲ್ಲ” ಎಂದು ಹೇಳಿ ಹೋದರು. ನನ್ನ ಭಯ ಏನೆಂದು ಆಕೆಗೆ ಗೊತ್ತಿತ್ತು. ಅದನ್ನು ತೀರಿಸಿಯೇ ಹೋದರು. ಅಷ್ಟು ಮರ್ಯಾದೆಯಾಗಿ ನನ್ನನ್ನು ಯಾರೂ ಅಲ್ಲಿಯವರೆಗೆ ತಿರಸ್ಕರಿಸಿರಲಿಲ್ಲ.

ಅಪೀಲನ್ನು ಏನು ಮಾಡಬೇಕೆಂದು ಮೇಲಿನವರಿಗೂ ಗೊತ್ತಾಗಲಿಲ್ಲ. ಎರಡು ತಿಂಗಳು ಮೇಜಿಂದ ಮೇಜಿಗೆ ತಿರುಗಿ, ಕೊನೆಗೆ ವಿಚಾರಣಾಧಿಕಾರಿಯ ಅಭಿಪ್ರಾಯ ಕೇಳಿ ನನ್ನ ಹತ್ತಿರವೇ ಬಂತು. ಬಿಳಿ ಹಾಳೆ, ಮೇಲೆ ಒಂದೇ ಪ್ರಶ್ನೆ: ವರದಿಯಲ್ಲಿ ಬದಲಿಸಬೇಕಾದದ್ದು ಏನಾದರೂ ಇದೆಯೇ. ಅರ್ಧ ದಿನ ಅದರ ಮುಂದೆ ಕೂತೆ. ಸತ್ಯ ಬರೆಯಬೇಕಾದರೆ, ಆಕೆ ಅತ್ತರು, ಅದನ್ನು ಕೇಳಿ ನಾನೂ ಅತ್ತೆ, ಅದನ್ನು ಮುಚ್ಚಲು ಸುಳ್ಳು ಬರೆದೆ ಎಂದು ಮೂರು ಸಾಲು ಸಾಕಾಗಿತ್ತು. ಸುಳ್ಳಿಗೆ ನಾಲ್ಕು ಪುಟ ಹಿಡಿದಿತ್ತು. ಸಂಜೆ ಐದಕ್ಕೆ ಪೆನ್ನು ತೆಗೆದು, ‘ವರದಿಯಲ್ಲಿ ಬದಲಿಸಬೇಕಾದದ್ದು ಏನೂ ಇಲ್ಲ’ ಎಂದು ಬರೆದು ಸಹಿ ಹಾಕಿದೆ. ಅಪೀಲಿಗೆ ಅವಕಾಶವಿಲ್ಲವೆಂದು ಫೈಲು ಮುಚ್ಚಿತು. ಸುಲೋಚನಾ ನಿವೃತ್ತರಾಗುವವರೆಗೆ ಮೈಕಿನಲ್ಲೇ ಇದ್ದರು. ಆಮೇಲೆ ಕ್ಯಾಸೆಟ್ಟಿನ ದನಿ ಬಂತೆಂದು ಕೇಳಿದೆ.

ಹಾಗೆ ಬರೆದುಕೊಟ್ಟ ಸಂಜೆ ಮನೆಗೆ ಬಂದವನು ಕಾಫಿ ಕುಡಿಯುತ್ತ ಸರೋಜಳಿಗೆ ಎಲ್ಲವನ್ನೂ ಹೇಳಿದೆ, ಮೊದಲಿನಿಂದ ಕೊನೆಯವರೆಗೆ. ಹೇಳುತ್ತ ಹೇಳುತ್ತ ನನಗೇ ಒಂದು ಹೆಮ್ಮೆಯಾಯಿತು. ಡ್ರಾಪ್ಸ್ ಕೆಲಸ ಮಾಡಿದಂತಿತ್ತು.

“ಬರೆಯೋವಾಗ ಕೈ ಒಂದಿಷ್ಟೂ ನಡುಗಲಿಲ್ಲ ಕಣೆ. ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ” ಎಂದೆ.

ಸರೋಜ ನನ್ನ ಕೈಯಿಂದ ಖಾಲಿ ಲೋಟ ತೆಗೆದುಕೊಂಡಳು. ಒಳಗೆ ಹೋಗುತ್ತ, “ಈ ಸಲ ಬರಬೇಕಾಗಿತ್ತು ಕಣ್ರಿ” ಎಂದಳು.